ಹಾಡಲಿಲ್ಲ, ಕುಣಿಯಲಿಲ್ಲ, ಆದರೂ ಜಗತ್ತು ಸುತ್ತಿದ 'ಇನ್ನೊಬ್ಬ' ಮೈಕೆಲ್ ಜಾಕ್ಸನ್: ಬಿಯರ್ ರುಚಿಗೆ ಮಾತು ಕೊಟ್ಟ ಪತ್ರಕರ್ತನ ಕಥೆ

ಮೈಕೆಲ್ ಜಾಕ್ಸನ್ ಎಂದ ಕೂಡಲೇ ನೆನಪಾಗುವುದು ಮೂನ್‌ವಾಕ್ ಮತ್ತು ಥ್ರಿಲ್ಲರ್. ಆದರೆ ಬಿಯರ್ ತಯಾರಿಸುವವರ, ಅದರ ರುಚಿ ನೋಡಿ ಬರೆಯುವವರ ಲೋಕದಲ್ಲಿ ಈ ಹೆಸರು ಬೇರೆಯೇ ಒಬ್ಬರದ್ದು. ಗುಂಗುರು ಕೂದಲು, ಗಡ್ಡ, ಕನ್ನಡಕ, ಕೈಯಲ್ಲೊಂದು ನೋಟ್‌ಬುಕ್. ಪಾಪ್ ತಾರೆ ಪೆಪ್ಸಿ ಜಾಹೀರಾತಿನಲ್ಲಿ ಮಿಂಚುತ್ತಿದ್ದ ಕಾಲದಲ್ಲಿ ಈ ಜಾಕ್ಸನ್, ತಾನು ಹಾಡುವುದೂ ಇಲ್ಲ, ಪೆಪ್ಸಿ ಕುಡಿಯುವುದೂ ಇಲ್ಲ ಎಂದು ತಮಾಷೆ ಮಾಡುತ್ತಿದ್ದರು.

ಇಂದು ವಾರಾಂತ್ಯದಲ್ಲಿ ಮನೆಯಲ್ಲೇ ಕುಳಿತು ಕ್ರಾಫ್ಟ್ ಬಿಯರ್ ರಿವ್ಯೂ ಮಾಡುವವರಿಗೆ ಕೊರತೆಯಿಲ್ಲ. ಗ್ಲಾಸಿಗೆ ಸುರಿದು ಬಣ್ಣ ನೋಡುತ್ತಾರೆ, ನೊರೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಗಮನಿಸುತ್ತಾರೆ, ಮೂಸಿ, ಗುಟುಕರಿಸಿ, ಫೋನಿನಲ್ಲಿ ನಾಲ್ಕು ಸಾಲು ಬರೆದು ಸ್ಟಾರ್ ಕೊಡುತ್ತಾರೆ. ಅವರು ಬಳಸುವ ಮಾತು ಮತ್ತು ಅಳತೆಗೋಲಿನ ಬಹುಪಾಲು ಈ ಜಾಕ್ಸನ್ ಅವರಿಂದ ಬಂದದ್ದು. ಆ ವಿಷಯ ಗೊತ್ತಿರುವವರು ಮಾತ್ರ ಕಡಿಮೆ.

ಡಿಗ್ರಿ ಇಲ್ಲದ ಪತ್ರಕರ್ತ

ಜಾಕ್ಸನ್ ಹುಟ್ಟಿದ್ದು 1942ರ ಮಾರ್ಚ್ 27ರಂದು, ಇಂಗ್ಲೆಂಡಿನ ಯಾರ್ಕ್‌ಶೈರ್‌ನ ವೆದರ್‌ಬಿಯಲ್ಲಿ. ತಂದೆ ಲಿಥುವೇನಿಯಾ ಮೂಲದ ಯಹೂದಿ ಕುಟುಂಬದವರು. ಮೂಲ ಕುಲನಾಮ ಇಂಗ್ಲಿಷರ ಬಾಯಿಗೆ ಹೊಂದುವುದಿಲ್ಲವೆಂದು ಅದನ್ನು ಜಾಕ್ಸನ್ ಎಂದು ಬದಲಿಸಿಕೊಂಡಿದ್ದರು. ಮನೆಯಲ್ಲಿ ಹೇಳಿಕೊಳ್ಳುವಂಥ ಸಿರಿತನ ಇರಲಿಲ್ಲ. ಹುಡುಗ 16ನೇ ವಯಸ್ಸಿಗೆ ಶಾಲೆ ಬಿಟ್ಟು ಹಡರ್ಸ್‌ಫೀಲ್ಡ್‌ನ ಸ್ಥಳೀಯ ಪತ್ರಿಕೆಗೆ ವರದಿಗಾರನಾಗಿ ಸೇರಿದ. ಕಾಲೇಜೂ ಇಲ್ಲ, ಜರ್ನಲಿಸಂ ಕೋರ್ಸೂ ಇಲ್ಲ. ಮುಂದೆ ಎಡಿನ್‌ಬರೊ, ಅಲ್ಲಿಂದ ಲಂಡನ್. ಜಾಹೀರಾತು ಉದ್ಯಮದ ಪತ್ರಿಕೆ 'ಕ್ಯಾಂಪೇನ್'ನ ಸಂಪಾದಕನ ಕುರ್ಚಿವರೆಗೂ ಹೋದರು.

ಬಿಯರ್ ಕಡೆ ಅವರು ಹೊರಳಿದ್ದು ಬಹುತೇಕ ಆಕಸ್ಮಿಕ. 1960ರ ದಶಕದ ಕೊನೆಯಲ್ಲಿ ಕೆಲಸದ ಮೇಲೆ ನೆದರ್ಲೆಂಡ್ಸ್‌ನಲ್ಲಿದ್ದಾಗ ಬೆಲ್ಜಿಯಂ ಗಡಿಯ ಊರೊಂದರ ಕಾರ್ನಿವಲ್‌ಗೆ ಹೋಗಿದ್ದರು. ಅಲ್ಲಿ ಸಿಕ್ಕ ಬೆಲ್ಜಿಯನ್ ಬಿಯರ್ ಅವರು ಅದುವರೆಗೆ ಕುಡಿದಿದ್ದ ಯಾವುದನ್ನೂ ಹೋಲುತ್ತಿರಲಿಲ್ಲ. ಇಷ್ಟು ಹತ್ತಿರದ ದೇಶದಲ್ಲಿ ಇಂಥದ್ದೊಂದು ಇದ್ದೂ ಅದರ ಬಗ್ಗೆ ಯಾರೂ ಬರೆದಿಲ್ಲವಲ್ಲ ಎಂಬ ಪ್ರಶ್ನೆ ಅವರ ಬೆನ್ನು ಬಿಡಲಿಲ್ಲ.

ಆಗಿನ ಕಾಲ ಹಾಗೇ ಇತ್ತು. ವೈನ್ ಬಗ್ಗೆ ಬರೆಯಲು ವಿಮರ್ಶಕರ ದಂಡೇ ಇತ್ತು. ಬಿಯರ್ ಮಾತ್ರ ಕೂಲಿಕಾರರ ಪಾನೀಯ, ಅದರಲ್ಲಿ ವಿವರಿಸುವಂಥದ್ದು ಏನಿದೆ ಎಂಬ ತಾತ್ಸಾರ. ಬ್ರಿಟನ್ನಿನಲ್ಲಿ ದೊಡ್ಡ ಕಂಪನಿಗಳು ಸಣ್ಣ ಬ್ರೂವರಿಗಳನ್ನು ಕೊಂಡು ಮುಚ್ಚುತ್ತಿದ್ದವು. ಸಾಂಪ್ರದಾಯಿಕ ಬಿಯರ್ ಉಳಿಸಲು 'ಕ್ಯಾಮ್ರಾ' ಎಂಬ ಗ್ರಾಹಕರ ಸಂಘಟನೆ 1971ರಲ್ಲಿ ಹುಟ್ಟಿದ್ದೇ ಅದಕ್ಕೆ. ಅಮೆರಿಕದಲ್ಲಂತೂ 1970ರ ದಶಕದ ಕೊನೆಗೆ ಇಡೀ ದೇಶದಲ್ಲಿ ಉಳಿದಿದ್ದ ಬ್ರೂವರಿಗಳು ನೂರಕ್ಕೂ ಕಡಿಮೆ. ಅವುಗಳಲ್ಲಿ ಹೆಚ್ಚಿನವು ತಯಾರಿಸುತ್ತಿದ್ದದ್ದು ಒಂದೇ ಬಗೆಯ ತೆಳು ಹಳದಿ ಲಾಗರ್.

ನೀರುದೋಸೆಯನ್ನು ಮಸಾಲೆದೋಸೆಗೆ ಹೋಲಿಸಬಾರದು

1977ರಲ್ಲಿ ಜಾಕ್ಸನ್ ಅವರ 'ದಿ ವರ್ಲ್ಡ್ ಗೈಡ್ ಟು ಬಿಯರ್' ಬಂತು. ದೇಶ ದೇಶ ಸುತ್ತಿ, ಬ್ರೂವರಿಗಳ ಒಳಹೊಕ್ಕು, ತಯಾರಕರನ್ನು ಮಾತನಾಡಿಸಿ ಬರೆದ ಪುಸ್ತಕ. ಅದರಲ್ಲಿ ಅವರು ಬಿಯರ್‌ಗಳನ್ನು 'ಸ್ಟೈಲ್' ಪ್ರಕಾರ ವಿಂಗಡಿಸಿದರು. ಬೆಚ್ಚಗಿನ ತಾಪಮಾನದಲ್ಲಿ ಬೇಗ ಹುದುಗುವ ಏಲ್ ಒಂದು ಕಡೆ, ತಂಪಿನಲ್ಲಿ ನಿಧಾನವಾಗಿ ಹುದುಗಿ ವಾರಗಟ್ಟಲೆ ಮಾಗುವ ಲಾಗರ್ ಇನ್ನೊಂದು ಕಡೆ. ಅವುಗಳೊಳಗೆ ಸ್ಟೌಟ್, ಪೋರ್ಟರ್, ಪಿಲ್ಸ್‌ನರ್, ಗೋಧಿ ಬಿಯರ್, ಗಾಳಿಯಲ್ಲಿರುವ ಕಾಡು ಯೀಸ್ಟ್‌ನಿಂದಲೇ ಹುಳಿಯೇರುವ ಬೆಲ್ಜಿಯಂನ ಲ್ಯಾಂಬಿಕ್ ಹೀಗೆ ಒಂದೊಂದಕ್ಕೂ ಊರು, ಚರಿತ್ರೆ, ರುಚಿಯ ಗುರುತು.

ಕೇಳಲು ಸರಳ ಎನಿಸಬಹುದು. ಆದರೆ ವಿಮರ್ಶೆಯ ನಿಯಮವೇ ಬದಲಾದದ್ದು ಇಲ್ಲಿಂದ. ನೀರುದೋಸೆ ಗರಿಗರಿಯಾಗಿಲ್ಲ ಎಂದು ಯಾರಾದರೂ ಮಾರ್ಕ್ಸ್ ಕಳೆದರೆ ಮಂಗಳೂರಿನವರು ನಗುತ್ತಾರೆ. ಅದು ಮೆತ್ತಗೇ ಇರಬೇಕು. ಹಾಗೆಯೇ ಲ್ಯಾಂಬಿಕ್ ಹುಳಿಯಾಗಿದೆ, ಸ್ಟೌಟ್‌ನಲ್ಲಿ ಸುಟ್ಟ ಕಾಫಿಯ ಕಹಿ ಇದೆ ಎಂದು ದೂರುವುದು ತಪ್ಪು. ಒಂದು ಬಿಯರ್ ಏನಾಗಬೇಕೆಂದು ಹೊರಟಿದೆಯೋ ಅದರಲ್ಲಿ ಗೆದ್ದಿದೆಯೇ ಎಂದು ಮೊದಲು ನೋಡಬೇಕು, ಇಷ್ಟವೋ ಅಲ್ಲವೋ ಎಂಬುದು ಆಮೇಲೆ. 1982ರಿಂದ ಬಂದ ಅವರ 'ಪಾಕೆಟ್ ಗೈಡ್'ನಲ್ಲಿ ಒಂದರಿಂದ ನಾಲ್ಕರವರೆಗೆ ಸ್ಟಾರ್ ಇರುತ್ತಿತ್ತು. ಒಂದು ಸ್ಟಾರ್ ಎಂದರೆ ಕಳಪೆ ಅಲ್ಲ, ತನ್ನ ನಾಡಿಗೂ ಸ್ಟೈಲ್‌ಗೂ ತಕ್ಕಂತಿದೆ ಎಂದರ್ಥ.

ಹೆಸರಿಟ್ಟು ಬರೆದದ್ದರಿಂದ ಎಷ್ಟೋ ಬಿಯರ್‌ಗಳು ಬದುಕಿಕೊಂಡವು. ಓಟ್ಸ್ ಸೇರಿಸಿ ಮಾಡುವ ಓಟ್‌ಮೀಲ್ ಸ್ಟೌಟ್ ಆ ಹೊತ್ತಿಗೆ ಬ್ರಿಟನ್ನಿನಲ್ಲಿ ಹೆಚ್ಚೂಕಡಿಮೆ ಸತ್ತೇಹೋಗಿತ್ತು. ಜಾಕ್ಸನ್ ಪುಸ್ತಕದಲ್ಲಿ ಅದರ ಪ್ರಸ್ತಾಪ ಓದಿದ ಅಮೆರಿಕದ ಆಮದುದಾರ ಚಾರ್ಲ್ಸ್ ಫಿಂಕೆಲ್, ಯಾರ್ಕ್‌ಶೈರ್‌ನ ಸ್ಯಾಮ್ಯುಯೆಲ್ ಸ್ಮಿತ್ ಬ್ರೂವರಿಯಿಂದ 1980ರಲ್ಲಿ ಅದನ್ನು ಮತ್ತೆ ಮಾಡಿಸಿದರು. ಇಂದು ಓಟ್‌ಮೀಲ್ ಸ್ಟೌಟ್ ಸಿಗದ ದೊಡ್ಡ ಕ್ರಾಫ್ಟ್ ಬಿಯರ್ ಅಂಗಡಿ ಹುಡುಕುವುದು ಕಷ್ಟ.

ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಮನೆಬಳಕೆಗೆ ಬಿಯರ್ ತಯಾರಿಸಿಕೊಳ್ಳಲು ದಾರಿ ಮಾಡಿತು. ಹೀಗೆ ಅಡುಗೆಮನೆಯಲ್ಲಿ ಪಾತ್ರೆ ಇಟ್ಟವರಿಗೆ ಯಾವ ರುಚಿಯತ್ತ ಹೋಗಬೇಕೆಂದು ತೋರಿಸಿದ್ದು ಜಾಕ್ಸನ್ ಪುಸ್ತಕ. ಅವರಲ್ಲೇ ಕೆಲವರು ಮುಂದೆ ಸಣ್ಣ ಬ್ರೂವರಿ ತೆರೆದರು. ಹೋಂಬ್ರೂಯಿಂಗ್ ಚಳವಳಿಯ ಚಾರ್ಲಿ ಪಪೇಜಿಯನ್ 1982ರಲ್ಲಿ ಗ್ರೇಟ್ ಅಮೆರಿಕನ್ ಬಿಯರ್ ಫೆಸ್ಟಿವಲ್ ಶುರುಮಾಡುವ ಮೊದಲು ಸಲಹೆ ಕೇಳಿದವರಲ್ಲಿ ಜಾಕ್ಸನ್ ಕೂಡ ಇದ್ದರು. ಐಡಿಯಾ ಚೆನ್ನಾಗಿದೆ, ಆದರೆ ಬಡಿಸಲು ಬಿಯರ್ ಎಲ್ಲಿಂದ ತರುತ್ತೀರಿ ಎಂಬುದು ಅವರ ಅನುಮಾನವಾಗಿತ್ತಂತೆ!

ಭಾರತದ ನೆಂಟಸ್ತಿಕೆಯೂ ಇದೆ. ಕಲ್ಕತ್ತಾ, ಮದ್ರಾಸ್, ಬಾಂಬೆಯ ಬ್ರಿಟಿಷರಿಗಾಗಿ ಹಡಗೇರಿ ಬರುತ್ತಿದ್ದ, ಹಾಪ್ಸ್ ಜಾಸ್ತಿ ಹಾಕಿದ ಇಂಡಿಯಾ ಪೇಲ್ ಏಲ್ ಇಂಗ್ಲೆಂಡಿನಲ್ಲೇ ಸೊರಗಿತ್ತು. ಅದನ್ನು ಎತ್ತಿ ನಿಲ್ಲಿಸಿದ್ದು ಅಮೆರಿಕದ ಸಣ್ಣ ಬ್ರೂವರಿಗಳು. ಪುಣೆಯಲ್ಲಿ 2009ರಲ್ಲಿ ಡೂಲಾಲಿ, ಬೆಂಗಳೂರಿನ ಇಂದಿರಾನಗರದಲ್ಲಿ 2010ರಲ್ಲಿ ಟಾಯ್ಟ್ ತೆರೆದಾಗ ಇಂಥ ಪಬ್‌ಗಳ ಮೆನುವಿನಲ್ಲಿ ಕಾಣಿಸಿಕೊಂಡ ಸ್ಟೌಟ್, ವಿಟ್, ವೈಸ್‌ಬಿಯರ್ ಪದಗಳ ಹಿಂದೆ ಇರುವುದು ಅದೇ ವಿಂಗಡಣೆ.

ಚೆನ್ನಾಗಿಲ್ಲದ್ದನ್ನು ಬರೆಯಲೇ ಇಲ್ಲ

ಜಾಕ್ಸನ್ ಬರೆಯುತ್ತಿದ್ದದ್ದು ಅಡುಗೆಮನೆಯ, ಹಿತ್ತಿಲಿನ ಮಾತಿನಲ್ಲಿ. ಯಾವ ಹಣ್ಣಿನ ಘಮ, ಯಾವ ಮಸಾಲೆಯ ಸುಳಿವು, ಬ್ರೆಡ್ ಸುಟ್ಟ ವಾಸನೆಯೋ ಬೆಲ್ಲದಂಥ ಸಿಹಿಯೋ ಎಂದು ಹುಡುಕುತ್ತಿದ್ದರು. ಅವರ ದಾರಿಯಲ್ಲಿ ಮನೆಯಲ್ಲಿ ರುಚಿ ನೋಡುವವರು ಈಗ ಪಾಲಿಸುವ ಶಿಸ್ತು ಇಷ್ಟೇ: ಫ್ರಿಜ್‌ನಿಂದ ತೆಗೆದ ಕೂಡಲೇ ಕುಡಿಯಬಾರದು, ತೀರಾ ತಣ್ಣಗಿದ್ದರೆ ಘಮ ಏಳುವುದಿಲ್ಲ. ಹಗುರವಾದದ್ದು ಮೊದಲು, ಗಾಢವಾದದ್ದು ಕೊನೆಗೆ. ಸಣ್ಣ ಸಣ್ಣ ಅಳತೆ. ಬೆಳಕಿಗೆ ಬಿದ್ದ ಹಸಿರು ಬಾಟಲಿಯಿಂದ ಕೆಟ್ಟ ನಾತ ಬಂದರೆ ತಪ್ಪು ತಯಾರಕನದ್ದಲ್ಲ, ಅಂಗಡಿಯ ಶೆಲ್ಫಿನದ್ದೂ ಆಗಿರಬಹುದು. ವೈನ್ ಪರೀಕ್ಷಕರಂತೆ ಉಗುಳುವ ಪದ್ಧತಿ ಇಲ್ಲಿಲ್ಲ, ಕಹಿಯ ಕೊನೆಯ ಎಳೆ ತಿಳಿಯುವುದು ನುಂಗಿದ ಮೇಲೆ. ಅದಕ್ಕೇ ಒಂದೇ ಕೂರಿಗೆಯಲ್ಲಿ ಹತ್ತು ಬಾಟಲಿ ರಿವ್ಯೂ ಮಾಡುತ್ತೇನೆ ಎನ್ನುವವರ ಕೊನೆಯ ಐದು ರಿವ್ಯೂಗಳನ್ನು ನಂಬಬೇಕಿಲ್ಲ.

ಅವರ ಇನ್ನೊಂದು ನಿಯಮ ಚರ್ಚೆಗೆ ಒಳಪಟ್ಟಿದೆ. ಇಷ್ಟವಾಗದ ಬಿಯರ್ ಬಗ್ಗೆ ಜಾಕ್ಸನ್ ಸಾಮಾನ್ಯವಾಗಿ ಬರೆಯುತ್ತಲೇ ಇರಲಿಲ್ಲ. ಒಳ್ಳೆಯದು ಇಷ್ಟೊಂದಿರುವಾಗ ಕೆಟ್ಟದ್ದಕ್ಕೆ ಪುಟ ಯಾಕೆ ಎಂಬುದು ಅವರ ವಾದ. ದುಡ್ಡು ಕೊಟ್ಟು ಕೊಳ್ಳುವ ಓದುಗನಿಗೆ ಯಾವುದು ಬೇಡ ಎಂದೂ ತಿಳಿಯಬೇಕಲ್ಲವೇ? ಈ ಆಕ್ಷೇಪದಲ್ಲಿ ಹುರುಳಿದೆ. ಅವರು ಎಳೆದ ಸ್ಟೈಲ್‌ಗಳ ಗೆರೆ ಹಿಂದಿನ ಕಾಲದಲ್ಲಿ ಅಷ್ಟು ಸ್ಪಷ್ಟವಾಗಿರಲಿಲ್ಲ ಎಂದು ನಂತರದ ಇತಿಹಾಸಕಾರರೂ ತಕರಾರು ತೆಗೆದಿದ್ದಾರೆ. ಆದರೆ ತಕರಾರಿಗೂ ಒಂದು ಗೆರೆ ಬೇಕು, ಅದನ್ನು ಎಳೆದವರು ಅವರೇ.

1989ರಲ್ಲಿ ಬ್ರಿಟನ್ನಿನ ಚಾನೆಲ್ 4ರಲ್ಲಿ 'ದಿ ಬಿಯರ್ ಹಂಟರ್' ಸರಣಿ ಬಂದು ಅವರನ್ನು ಮನೆಮಾತಾಗಿಸಿತು. ಅದೇ ವರ್ಷ ಬಂದ ಮಾಲ್ಟ್ ವಿಸ್ಕಿ ಪುಸ್ತಕದಲ್ಲಿ 100ಕ್ಕೆ ಇಷ್ಟು ಎಂದು ಅಂಕ ಕೊಟ್ಟರು. 1991ರಲ್ಲಿ ಬೆಲ್ಜಿಯಂ ಬಿಯರ್‌ಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ಆ ದೇಶ 1994ರಲ್ಲಿ ಅವರಿಗೆ ಮರ್ಕ್ಯೂರಿಯಸ್ ಪ್ರಶಸ್ತಿ ನೀಡಿತು.

ಕುಡಿದಿದ್ದಾನೆ ಎಂದುಕೊಂಡರು

ಕೊನೆಯ ಒಂದು ದಶಕ ಜಾಕ್ಸನ್ ಅವರನ್ನು ಪಾರ್ಕಿನ್ಸನ್ ಕಾಯಿಲೆ ಕಾಡಿತು. ಕೈ ನಡುಗುವುದು, ನಡಿಗೆ ತಪ್ಪುವುದು, ಮಾತು ತೊದಲುವುದು ಈ ಕಾಯಿಲೆಯ ಲಕ್ಷಣಗಳು. ಬೇರೆ ಯಾರಿಗಾದರೂ ಹೀಗಾದರೆ ಜನ ಕುರ್ಚಿ ಎಳೆದು ಕೂರಿಸುತ್ತಾರೆ. ಬಿಯರ್ ಬಗ್ಗೆ ಬರೆಯುವವನಿಗಾದರೆ? ನೋಡಿದವರು ಕುಡಿತ ಜಾಸ್ತಿಯಾಗಿದೆ ಎಂದುಕೊಂಡರು. ಬಿಯರ್ ಎಂದರೆ ಅಮಲು ಮಾತ್ರವಲ್ಲ ಎಂದು ಮೂವತ್ತು ವರ್ಷ ಬರೆದವರು ಕೊನೆಗೆ ಅದೇ ಅನುಮಾನದ ನೋಟ ಎದುರಿಸಬೇಕಾಯಿತು. ಬಹುಕಾಲ ಅವರು ಕಾಯಿಲೆಯನ್ನು ಬಹಿರಂಗ ಮಾಡಲಿಲ್ಲ. ಪ್ರವಾಸ, ಟೇಸ್ಟಿಂಗ್, ಅಂಕಣ ಎಲ್ಲವೂ ನಡೆದೇ ಇತ್ತು. ಕೊನೆಗೆ ವಿಷಯ ಹೊರಗೆ ಹೇಳಿ, ತಾನು ಕುಡಿದಿಲ್ಲ ಎಂಬುದನ್ನೇ ಶೀರ್ಷಿಕೆ ಮಾಡಿ ಆ ಅನುಭವದ ಪುಸ್ತಕ ಬರೆಯಲು ಯೋಚಿಸಿದ್ದರು.

ಆ ಪುಸ್ತಕ ಬರಲಿಲ್ಲ. 2007ರ ಆಗಸ್ಟ್ 30ರಂದು ಲಂಡನ್ನಿನ ಮನೆಯಲ್ಲಿ ಹೃದಯಾಘಾತದಿಂದ ಜಾಕ್ಸನ್ ತೀರಿಕೊಂಡರು. ವಯಸ್ಸು 65. ಮುಂದಿನ ತಿಂಗಳು ಅಮೆರಿಕದ ಬ್ರೂವರಿ, ಪಬ್‌ಗಳಲ್ಲಿ ಅವರ ಹೆಸರಿನಲ್ಲಿ ಗ್ಲಾಸ್ ಎತ್ತಿ, ಪಾರ್ಕಿನ್ಸನ್ ಕಾಯಿಲೆಯ ನೆರವಿಗೆ ಹಣ ಸಂಗ್ರಹಿಸಿದರು. ಅವರ ಪುಸ್ತಕಗಳು, ಕಡತಗಳು, ಪ್ರವಾಸದ ನೋಟ್‌ಬುಕ್‌ಗಳು ಈಗ ಇಂಗ್ಲೆಂಡಿನ ಆಕ್ಸ್‌ಫರ್ಡ್ ಬ್ರೂಕ್ಸ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ.