ಪೆನಿಸಿಲಿನ್ನಿಗೂ ಮೊದಲಿನ ಫ್ಲೆಮಿಂಗರು

ಅಲೆಗ್ಸಾಂಡರ್ ಫ್ಲೆಮಿಂಗರ ಹೆಸರನ್ನೆತ್ತಿದೊಡನೆ ಜನರು ಬೂಷ್ಟು ಹಿಡಿದ ಗಾಜಿನ ತಟ್ಟೆಯ ಕಥೆಯನ್ನು ಹೇಳಿ ಮುಗಿಸಿಬಿಡುವರು. ಅದಕ್ಕೂ ಏಳು ವರ್ಷ ಮೊದಲು ಅವರು ಕಂಡುಹಿಡಿದ ಇನ್ನೊಂದು ವಸ್ತುವನ್ನು ವಾಚಕರ ಗಮನಕ್ಕೆ ತರಲು ನಾವು ಇಚ್ಛಿಸುತ್ತೇವೆ.

೧೮೮೧ರಲ್ಲಿ ಸ್ಕಾಟ್ಲೆಂಡಿನ ಒಕ್ಕಲು ಮನೆತನದಲ್ಲಿ ಜನಿಸಿದ ಫ್ಲೆಮಿಂಗರು ಕೆಲಕಾಲ ಹಡಗಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದು, ತರುವಾಯ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ವೈದ್ಯವಿದ್ಯೆಯನ್ನು ಕಲಿತರು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಬೊಲೋನ್ ಪಟ್ಟಣದ ಸೈನಿಕ ಆಸ್ಪತ್ರೆಯಲ್ಲಿದ್ದಾಗ ಅವರು ಒಂದು ಕಹಿ ಸತ್ಯವನ್ನು ಪ್ರಯೋಗದಿಂದ ತೋರಿಸಿದರು. ಆಳವಾದ ಗಾಯಗಳಿಗೆ ಸುರಿಯುತ್ತಿದ್ದ ಕ್ರಿಮಿನಾಶಕಗಳು ಕ್ರಿಮಿಗಳಿಗಿಂತ ಹೆಚ್ಚಾಗಿ ರಕ್ತದ ಬಿಳಿಯ ಕಣಗಳನ್ನೇ ಕೊಲ್ಲುತ್ತಿದ್ದವು. ಕೋಟೆಯ ಕಾವಲುಗಾರರನ್ನು ಕೊಂದು ಶತ್ರುವಿಗೆ ಬಾಗಿಲು ತೆರೆದಂತಾಯಿತು!

೧೯೨೧ರಲ್ಲಿ ನೆಗಡಿಯಾಗಿದ್ದ ಫ್ಲೆಮಿಂಗರು ತಮ್ಮ ಸಿಂಬಳವನ್ನೇ ಪರೀಕ್ಷೆಗೆ ಹಚ್ಚಿ, ಅದು ಒಂದು ಜಾತಿಯ ಸೂಕ್ಷ್ಮಜೀವಿಗಳನ್ನು ಕರಗಿಸಿಬಿಡುವುದನ್ನು ಕಂಡರು. ಕಣ್ಣೀರಿನಲ್ಲಿಯೂ ಮೊಟ್ಟೆಯ ಬಿಳಿಯ ಲೋಳೆಯಲ್ಲಿಯೂ ಅದೇ ಗುಣವಿದ್ದಿತು. ಕಣ್ಣೀರಿಗಾಗಿ ಸಂಗಡಿಗರ ಕಣ್ಣಿಗೆ ನಿಂಬೆಯ ರಸವನ್ನು ಹಿಂಡಿದರೆಂದರೆ ಅವರ ಹಟವೆಷ್ಟೆಂಬುದು ತಿಳಿಯುವುದು. ಆ ಸಹಜ ಪ್ರೋಟೀನಿಗೆ ಲೈಸೋಜೈಮ್ ಎಂದು ಹೆಸರಾಯಿತು. ಉಗ್ರವಾದ ರೋಗಕ್ರಿಮಿಗಳ ಮುಂದೆ ಅದರ ಆಟ ಸಾಗದೆಂದು ಪಂಡಿತರು ಕಡೆಗಣಿಸಿದರು. ೧೯೨೮ರಲ್ಲಿ ಪೆನಿಸಿಲಿನ್ ದೊರೆತ ಮೇಲೂ, ೧೯೩೨ರಲ್ಲಿ ಅಧ್ಯಕ್ಷ ಭಾಷಣ ಮಾಡುವ ಸಂದರ್ಭ ಬಂದಾಗ ಫ್ಲೆಮಿಂಗರು ಆರಿಸಿಕೊಂಡ ವಿಷಯವು ಲೈಸೋಜೈಮೇ.

ಪೆನಿಸಿಲಿನ್ನನ್ನು ರೋಗಿಯ ಹಾಸಿಗೆಯವರೆಗೆ ತಂದ ಕೀರ್ತಿಯು ಆಕ್ಸ್‌ಫರ್ಡಿನ ಫ್ಲೋರಿ, ಚೈನ್ ಮತ್ತವರ ಸಂಗಡಿಗರದು. ಆ ಕಾಲದ ಪತ್ರಿಕೆಗಳು ಇದನ್ನು ಸಾಕಷ್ಟು ಹೇಳಲಿಲ್ಲವೆಂಬುದು ನಮ್ಮ ಆಕ್ಷೇಪವು. ೧೯೪೫ರ ನೊಬೆಲ್ ಪಾರಿತೋಷಕವಾದರೋ ಮೂವರಿಗೂ ಸಂದಿತು. ಮದ್ದನ್ನು ಕಡಮೆ ಪ್ರಮಾಣದಲ್ಲಿ ಬಳಸಿದರೆ ಕ್ರಿಮಿಗಳು ಅದಕ್ಕೆ ಜಗ್ಗದಂತಾಗುವುವೆಂದು ಫ್ಲೆಮಿಂಗರು ಅಂದೇ ಎಚ್ಚರಿಸಿದ್ದರು.

ಲೈಸೋಜೈಮು ಕ್ರಿಮಿಯ ಗೋಡೆಯನ್ನು ಒಡೆಯುವುದು. ಪೆನಿಸಿಲಿನ್ನು ಆ ಗೋಡೆಯನ್ನು ಕಟ್ಟಗೊಡದು. ನಮ್ಮ ಸಣ್ಣ ಕರುಳಿನ ಕೆಲವು ಜೀವಕೋಶಗಳೂ ಲೈಸೋಜೈಮನ್ನು ಸ್ರವಿಸಿ ಕಾವಲಿರುವುವೆಂದು ಈಗ ತಿಳಿದಿದೆ. ಕರುಳು ತೂತಾಗಿ ಅಲ್ಲಿನ ಕ್ರಿಮಿಗಳು ಹೊಟ್ಟೆಗೂ ರಕ್ತಕ್ಕೂ ನುಗ್ಗಿದರೆ ಏರುವ ನಂಜು ಇಂದಿಗೂ ಪ್ರಾಣಕ್ಕೆ ಎರವು. ಆ ಕ್ರಿಮಿಗಳಲ್ಲಿ ಅನೇಕಕ್ಕೆ ಗೋಡೆಯ ಹೊರಗೆ ಇನ್ನೊಂದು ಪೊರೆಯುಂಟು; ಹಲವು ಮದ್ದುಗಳು ಅದನ್ನು ದಾಟಲಾರವು. ಆದುದರಿಂದಲೇ ಸಂಶೋಧಕರು ದೇಹದ ಸಹಜ ಪ್ರೋಟೀನುಗಳನ್ನು ಪ್ರತಿಜೀವಕಗಳೊಡನೆ ಕೂಡಿಸಿ ಪರೀಕ್ಷಿಸುತ್ತಿರುವರು. ಕೆಲವು ಪ್ರಾಣಿಪ್ರಯೋಗಗಳಲ್ಲಿ ಬರಿಯ ಮದ್ದಿಗಿಂತ ಈ ಜೋಡಿಯಿಂದ ಹೆಚ್ಚು ಜೀವಗಳು ಉಳಿದಿವೆ. ಮನುಷ್ಯರ ಚಿಕಿತ್ಸೆಯಲ್ಲಿ ಇದಿನ್ನೂ ರೂಢಿಗೆ ಬಂದಿಲ್ಲ.

೧೯೫೫ರ ಮಾರ್ಚಿ ತಿಂಗಳಲ್ಲಿ ಫ್ಲೆಮಿಂಗರು ಲಂಡನ್ನಿನಲ್ಲಿ ಕಾಲವಾದರು. ಅವರ ಚಿತಾಭಸ್ಮವನ್ನು ಸೇಂಟ್ ಪಾಲ್ ಮಂದಿರದಲ್ಲಿ ಇರಿಸಲಾಗಿದೆ.