ಥಾಮಸ್ ಸ್ಟೀಫನ್ಸ್ ಮತ್ತು ಕ್ರಿಸ್ತಪುರಾಣ: ಪಾಪನಿವೇದನೆಯ ಕಾವ್ಯರೂಪ

ಕಾರವಾರ, ಅಂಕೋಲಾಗಳ ಕೊಂಕಣಿ ಕ್ರೈಸ್ತರ ಪೂರ್ವಿಕರಲ್ಲಿ ಬಹುಪಾಲು ಜನ ಗೋವೆಯಿಂದ ವಲಸೆ ಬಂದವರು. ಬರಗಾಲ, ಯುದ್ಧ, ಇಂಕ್ವಿಸಿಷನ್ನಿನ ಭಯ ಈ ವಲಸೆಯ ಮುಖ್ಯ ಕಾರಣಗಳು. ಅವರು ಬಿಟ್ಟುಬಂದ ನೆಲದಲ್ಲಿ ಪಾಪನಿವೇದನೆಗೆ ಎರಡು ಮುಖಗಳಿದ್ದವು. ಒಂದು ನ್ಯಾಯಪೀಠದ ಎದುರಿನ ತಪ್ಪೊಪ್ಪಿಗೆ. ಇನ್ನೊಂದು ದೇವರ ಕರುಣೆಯನ್ನು ನಂಬಿ ಹಾಡುವ ಪ್ರಾರ್ಥನೆ. ಎರಡನೆಯದಕ್ಕೆ ದೇಶೀಯ ಕಾವ್ಯರೂಪ ಕೊಟ್ಟವರಲ್ಲಿ ಪ್ರಮುಖರು ಇಂಗ್ಲಿಷ್ ಜೆಸ್ವಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್.

ಸ್ಟೀಫನ್ಸರು 1549ರಲ್ಲಿ ಇಂಗ್ಲೆಂಡಿನ ವಿಲ್ಟ್‌ಶೈರಿನಲ್ಲಿ ಜನಿಸಿದರು. ಮುಂದೆ ಒಂದನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ ಅಲ್ಲಿ ಕ್ಯಾಥೊಲಿಕರಾಗಿರುವುದೇ ಅಪಾಯಕರವಾಗಿತ್ತು. ಅವರ ಆಪ್ತಮಿತ್ರ ಥಾಮಸ್ ಪೌಂಡ್ ವಿಶ್ವಾಸದ ಕಾರಣಕ್ಕಾಗಿ ಸುಮಾರು ಮೂವತ್ತು ವರ್ಷ ಸೆರೆವಾಸ ಅನುಭವಿಸಿದರು. ಸ್ಟೀಫನ್ಸರು ರೋಮಿಗೆ ತೆರಳಿ 1575ರಲ್ಲಿ ಯೇಸುಸಭೆಯನ್ನು ಸೇರಿದರು. 1579ರ ಅಕ್ಟೋಬರಿನಲ್ಲಿ ಗೋವೆಯನ್ನು ತಲುಪಿದರು. ಅಲ್ಲಿ 1560ರಿಂದಲೇ ಇಂಕ್ವಿಸಿಷನ್ ಜಾರಿಯಲ್ಲಿತ್ತು. ಹಳೆಯ ಆಚರಣೆಗಳನ್ನು ಉಳಿಸಿಕೊಂಡ ಹೊಸ ಕ್ರೈಸ್ತರು ವಿಚಾರಣೆಗೆ ಗುರಿಯಾಗುತ್ತಿದ್ದರು. ವಿಶ್ವಾಸವನ್ನು ವಿಚಾರಣೆಗೆ ಒಳಪಡಿಸುವ ಒಂದು ನಾಡನ್ನು ಬಿಟ್ಟುಬಂದವರು ಅಂಥದೇ ಇನ್ನೊಂದು ನಾಡಿನಲ್ಲಿ, ಈ ಬಾರಿ ಅಧಿಕಾರದ ಪಕ್ಷದಲ್ಲಿದ್ದ ಸಭೆಯ ಪಾದ್ರಿಯಾಗಿ, ನೆಲೆಸಬೇಕಾಯಿತು.

ಸಾಷ್ಟಿ ಪ್ರಾಂತದಲ್ಲಿ ಸುಮಾರು ನಾಲ್ಕು ದಶಕ ದುಡಿದ ಸ್ಟೀಫನ್ಸರು ಕೊಂಕಣಿ, ಮರಾಠಿಗಳನ್ನು ಕರಗತ ಮಾಡಿಕೊಂಡರು. ಅವರ ಕೊಂಕಣಿ ವ್ಯಾಕರಣ ಮರಣಾನಂತರ 1640ರಲ್ಲಿ ಪ್ರಕಟವಾಯಿತು. ಪೋರ್ಚುಗೀಸರು ಕೊಂಕಣಿಯನ್ನೇ ‘ಕಾನಾರಿಂ’ ಎಂದು ಕರೆಯುತ್ತಿದ್ದುದು ಅದರ ಶೀರ್ಷಿಕೆಯಿಂದ ತಿಳಿಯುತ್ತದೆ.

ಪುರಾಣಶ್ರವಣಕ್ಕೆ ಒಗ್ಗಿದ್ದ ಹೊಸ ಕ್ರೈಸ್ತರಿಗೆ ಹಳೆಯ ಪುರಾಣಗಳು ನಿಷಿದ್ಧವಾಗಿದ್ದವು. ಈ ಕೊರತೆಯನ್ನು ತುಂಬಲು ಸ್ಟೀಫನ್ಸರು ಕ್ರಿಸ್ತಪುರಾಣವನ್ನು ರಚಿಸಿದರು. ಧರ್ಮಾಧಿಕಾರಿಗಳ ಅನುಮತಿಯೊಂದಿಗೆ 1616ರಲ್ಲಿ ರಾಶೋಲಿನಲ್ಲಿ ಮುದ್ರಣಗೊಂಡ ಈ ಕೃತಿಯಲ್ಲಿ ಸುಮಾರು 11,000 ಓವಿಗಳಿವೆ. ಭಾಷೆ ಕೊಂಕಣಿ ಬೆರೆತ ಮರಾಠಿ. ಛಂದಸ್ಸು ಜ್ಞಾನೇಶ್ವರ, ಏಕನಾಥರು ಬಳಸಿದ್ದು. ಆದಿಮಾನವನ ಪತನದಿಂದ ಯೇಸುವಿನ ಪುನರುತ್ಥಾನದವರೆಗಿನ ಕಥೆಯಲ್ಲಿ ಪತನ, ಪಶ್ಚಾತ್ತಾಪ, ಕ್ಷಮೆ ಎಂಬ ಕ್ರಮ ಮತ್ತೆ ಮತ್ತೆ ಎದುರಾಗುತ್ತದೆ. ಗುರುವನ್ನು ಅರಿಯೆನೆಂದು ಹೇಳಿ ಬಳಿಕ ಅತ್ತ ಪೇತ್ರನ ಪ್ರಸಂಗ ಇದಕ್ಕೆ ನಿದರ್ಶನ. ಹರಿದಾಸರ ಆತ್ಮನಿವೇದನೆಯ ಕೀರ್ತನೆಗಳಲ್ಲಿ ಭಕ್ತನು ತನ್ನ ದೋಷವನ್ನು ತಾನೇ ನುಡಿಯುತ್ತಾನೆ. ಇಲ್ಲಿ ಕೇಳುಗನು ಪೇತ್ರನ ಕಣ್ಣೀರಿನಲ್ಲಿ ತನ್ನ ದೋಷವನ್ನು ಗುರುತಿಸಿಕೊಳ್ಳುತ್ತಾನೆ. ಆ ಗುರುತಿಸುವಿಕೆಗೆ ದಾಖಲೆಯಿಲ್ಲ, ದಂಡನೆಯೂ ಇಲ್ಲ. ಸ್ಟೀಫನ್ಸರು ಸಭೆಯ ಶಿಸ್ತನ್ನು ಮೀರಿದವರಲ್ಲ. ಆದರೆ ಅವರ ಕಾವ್ಯದಲ್ಲಿ ಪಾಪನಿವೇದನೆಯು ಭಯದ ನೆಲೆಯಿಂದ ಕರುಣೆಯ ನೆಲೆಗೆ ಸರಿಯಿತೆಂಬುದು ಗಮನಾರ್ಹ.

ಸ್ಟೀಫನ್ಸರು 1619ರಲ್ಲಿ ಗೋವೆಯಲ್ಲಿಯೇ ನಿಧನರಾದರು. ಕ್ರಿಸ್ತಪುರಾಣ 1649 ಹಾಗೂ 1654ರಲ್ಲಿ ಮರುಮುದ್ರಣಗೊಂಡಿತು. 1684ರಲ್ಲಿ ಪೋರ್ಚುಗೀಸ್ ಆಡಳಿತವು ದೇಶಭಾಷೆಯ ಬಳಕೆಯನ್ನೇ ನಿಷೇಧಿಸಿತು. ಮೊದಲ ಮೂರು ಮುದ್ರಣಗಳ ಒಂದು ಪ್ರತಿಯೂ ದೊರೆತಿಲ್ಲ. ಕೃತಿ ಉಳಿದುದು ಹಸ್ತಪ್ರತಿಗಳಲ್ಲಿ. ಗೋವೆಯಿಂದ ಬಂದವರು ಕಾಳಿನದಿಯನ್ನು ದಾಟಿ ಕಾರವಾರ, ಅಂಕೋಲಾ, ಹೊನ್ನಾವರಗಳಿಂದ ಮಂಗಳೂರಿನವರೆಗೆ ನೆಲೆಸಿದ ಈ ಕರಾವಳಿಯಲ್ಲಿಯೇ ಜೋಸೆಫ್ ಸಲ್ಡಾನ್ಹಾ ಹಸ್ತಪ್ರತಿಗಳನ್ನು ಸಂಗ್ರಹಿಸಿ, 1907ರಲ್ಲಿ ಮಂಗಳೂರಿನಿಂದ ಅದನ್ನು ಪ್ರಕಟಿಸಿದರು. ಆಳುವವರು ಅಡಗಿಸಲೆತ್ನಿಸಿದ ಭಾಷೆಯ ನಿವೇದನೆಯನ್ನು ಸಾಮಾನ್ಯ ಭಕ್ತರ ಬರವಣಿಗೆ ಕಾಪಾಡಿತು.