ಜೋಳಿಗೆ ಹಿಡಿದ ವೈದ್ಯೆ: ಐಡಾ ಸ್ಕಡರ್

ಕಳೆದ ಬೇಸಿಗೆಯ ರಜೆಯಲ್ಲಿ ನನ್ನ ಅಜ್ಜಿಯ ಕಣ್ಣಿನ ಪೊರೆ ತೆಗೆಸುವ ಸಲುವಾಗಿ ನಾನು ವೆಲ್ಲೂರಿಗೆ ಹೋಗಬೇಕಾಯಿತು. ನಮ್ಮ ಕೋಲಾರದ ಕಡೆಯವರಿಗೆ ವೆಲ್ಲೂರು ಹೊಸ ಊರೇನಲ್ಲ. ದೊಡ್ಡ ಕಾಯಿಲೆಯೆಂದರೆ ಅಲ್ಲಿಗೆ ಹೊರಡುವುದು ಹಿಂದಿನಿಂದಲೂ ನಡೆದು ಬಂದ ರೂಢಿ. ನಾವು ಹೋದ ಕಣ್ಣಾಸ್ಪತ್ರೆಗೆ ಶೆಲ್ ಎಂಬ ಹೆಸರಿತ್ತು. ಅಜ್ಜಿಯನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಹೊರಗೆ ಬೆಂಚಿನ ಮೇಲೆ ಕುಳಿತ ನನಗೆ, ಈ ಶೆಲ್ ಯಾರು, ಆತನಿಗೂ ಈ ಊರಿಗೂ ಏನು ಸಂಬಂಧ ಎಂಬ ಕುತೂಹಲ ಹುಟ್ಟಿತು. ಊರಿಗೆ ಬಂದು ಗ್ರಂಥಗಳನ್ನು ತಿರುವಿ ನೋಡಿದಾಗ ದೊರೆತದ್ದು ಶೆಲ್‌ನ ಚರಿತ್ರೆಗಿಂತ ಹೆಚ್ಚಾಗಿ, ಅವನಲ್ಲಿ ಕೈಯೊಡ್ಡಿದ ಒಬ್ಬ ಹೆಣ್ಣುಮಗಳ ಚರಿತ್ರೆ. ಅದನ್ನು ನನ್ನ ಸಹಪಾಠಿ ಮಿತ್ರರ ಮುಂದೆ ಇಡುತ್ತಿದ್ದೇನೆ.

ಐಡಾ ಸೋಫಿಯಾ ಸ್ಕಡರ್ ಹುಟ್ಟಿದ್ದು 1870ನೆಯ ಇಸವಿ ಡಿಸೆಂಬರ್ 9ರಂದು, ವೆಲ್ಲೂರಿಗೆ ಸಮೀಪದ ರಾಣಿಪೇಟೆಯಲ್ಲಿ. ಅಜ್ಜ ಅಮೆರಿಕದಿಂದ ಬಂದ ಮಿಷನರಿ ವೈದ್ಯರು. ತಂದೆಯೂ ಅದೇ ದಾರಿ ಹಿಡಿದವರು. ಮನೆತನದವರೆಲ್ಲ ಹಿಂದೂದೇಶದಲ್ಲೇ ಬಾಳು ಸವೆಸಿದ್ದನ್ನು ಕಂಡ ಈ ಹುಡುಗಿ ಮಾತ್ರ, ತಾನು ಇಲ್ಲಿಗೆ ಮರಳಿ ಬಾರೆನೆಂದು ನಿಶ್ಚಯಿಸಿ ಅಮೆರಿಕದ ನಾರ್ತ್‌ಫೀಲ್ಡ್ ಶಾಲೆಯಲ್ಲಿ ಓದುತ್ತಿದ್ದಳು. ತಾಯಿಯ ಕಾಯಿಲೆಯ ಸುದ್ದಿ ಬಂದು ತಿಂಡಿವನಕ್ಕೆ ಬಂದದ್ದು ಕೆಲವು ದಿನಗಳ ಮಟ್ಟಿಗೆ ಮಾತ್ರ.

ಅಲ್ಲಿ ಒಂದು ರಾತ್ರಿ ಮೂವರು ಗಂಡಸರು ಒಬ್ಬರಾದ ಮೇಲೊಬ್ಬರು ಬಾಗಿಲು ತಟ್ಟಿದರು. ಮೂವರ ಹೆಂಡಂದಿರೂ ಹೆರಿಗೆಯ ಬೇನೆಯಲ್ಲಿ ನರಳುತ್ತಿದ್ದರು. ಐಡಾಳ ತಂದೆ ವೈದ್ಯರಾಗಿದ್ದರೂ ಪರಪುರುಷನು ಹೆಂಗಸನ್ನು ಮುಟ್ಟಿ ನೋಡುವುದಕ್ಕೆ ಅವರ ಆಚಾರ ಒಪ್ಪಲಿಲ್ಲ. ಐಡಾಳಿಗೆ ವೈದ್ಯ ತಿಳಿಯದು. ಬೆಳಗಾಗುವುದರೊಳಗೆ ಮೂವರು ಎಳೆಯ ಹೆಂಗಸರೂ ಸತ್ತಿದ್ದರು. ಆ ರಾತ್ರಿ ಆಕೆಯ ಬಾಳಿನ ದಿಕ್ಕು ತಿರುಗಿತು. ಅಮೆರಿಕಕ್ಕೆ ಹಿಂದಿರುಗಿ ವೈದ್ಯಶಾಸ್ತ್ರ ಓದಿ, 1899ರಲ್ಲಿ ಕಾರ್ನೆಲ್ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದು ಹೊರಬಂದಳು.

ಹಡಗು ಹತ್ತುವ ಮೊದಲು ವೆಲ್ಲೂರಿನಲ್ಲಿ ಹೆಂಗಸರ ಆಸ್ಪತ್ರೆಯೊಂದನ್ನು ಕಟ್ಟಲು ಹಣ ಕೂಡಿಸಬೇಕಾಗಿತ್ತು. ಐಡಾ ಮನೆಮನೆ ತಿರುಗಿ ಕೇಳಿದಳು. ಕೊನೆಗೆ ನ್ಯೂಯಾರ್ಕಿನ ಬ್ಯಾಂಕರ್ ಶೆಲ್ ಎಂಬಾತ, ತೀರಿಕೊಂಡ ತನ್ನ ಹೆಂಡತಿ ಮೇರಿ ಟೇಬರ್ ಶೆಲ್‌ಳ ನೆನಪಿಗಾಗಿ ಹತ್ತು ಸಾವಿರ ಡಾಲರ್ ಕೊಟ್ಟನು. 1902ರಲ್ಲಿ ಆಸ್ಪತ್ರೆ ಎದ್ದು ನಿಂತಿತು. ನಾನು ಬೆಂಚಿನ ಮೇಲೆ ಕುಳಿತು ಓದಿದ ಹೆಸರು ಆ ಹೆಂಗಸಿನದೇ. ಆಸ್ಪತ್ರೆ ಏಳುವವರೆಗೆ ಐಡಾ ತಂದೆಯ ಬಂಗಲೆಯ ಕೋಣೆಯಲ್ಲೇ ಹಾಸಿಗೆಯೊಂದನ್ನು ಹಾಕಿ ರೋಗಿಗಳನ್ನು ನೋಡಿದಳು. ಜೊತೆಗಿದ್ದು ಕಲಿಸಬೇಕಾಗಿದ್ದ ತಂದೆ 1900ರಲ್ಲೇ ತೀರಿಕೊಂಡಿದ್ದರು.

ಒಬ್ಬಳ ಎರಡು ಕೈ ಎಷ್ಟು ಜನರನ್ನು ತಲುಪೀತು? ಈ ನಾಡಿನ ಹೆಣ್ಣುಮಕ್ಕಳೇ ವೈದ್ಯರಾಗದ ಹೊರತು ತಿಂಡಿವನದ ಆ ರಾತ್ರಿ ಮುಗಿಯುವುದಿಲ್ಲವೆಂದು ಆಕೆ ಕಂಡುಕೊಂಡಳು. 1909ರಲ್ಲಿ ದಾದಿಯರ ಶಾಲೆ ತೆರೆದಳು. 1918ರಲ್ಲಿ ಹುಡುಗಿಯರ ವೈದ್ಯಶಾಲೆ ಆರಂಭವಾಯಿತು. ಮೂರು ಅರ್ಜಿ ಬಂದರೆ ಪುಣ್ಯವೆಂದು ಹಿರಿಯ ಅಧಿಕಾರಿಗಳು ಹೇಳಿದ್ದರಂತೆ, ಬಂದದ್ದು 151. ಮೊದಲ ತಂಡದ 14 ಮಂದಿ 1922ರ ಪರೀಕ್ಷೆಗೆ ಕುಳಿತು, 14 ಮಂದಿಯೂ ತೇರ್ಗಡೆಯಾದರು.

ಶಾಲೆಯೇನೋ ನಡೆಯಿತು, ಕಟ್ಟಡಕ್ಕೆ ಹಣವೆಲ್ಲಿ? ಆಗ ಏಷ್ಯಾಖಂಡದ ಏಳು ಮಹಿಳಾ ಕಾಲೇಜುಗಳಿಗಾಗಿ ಅಮೆರಿಕದಲ್ಲಿ ಲೂಸಿ ಪೀಬಾಡಿ ಎಂಬ ಮಹಿಳೆ ನಿಧಿಸಂಗ್ರಹದ ಮುಂದಾಳಾಗಿದ್ದರು. ಹೆಂಗಸರೆಲ್ಲ ಸೇರಿ 20 ಲಕ್ಷ ಡಾಲರ್ ಕೂಡಿಸಿದರೆ, ರಾಕ್‌ಫೆಲರ್ ಮನೆತನದ ನಿಧಿಯೊಂದು 10 ಲಕ್ಷ ಸೇರಿಸುವುದೆಂದು ಕರಾರಾಯಿತು. ಐಡಾಳೂ ಊರೂರು ಅಲೆದು ಭಾಷಣ ಮಾಡಿದಳು. ಸಿರಿವಂತರು ಕೊಟ್ಟರು, ಅವರಿಗಿಂತ ಎಷ್ಟೋ ಪಾಲು ಹೆಚ್ಚಿನ ಸಂಖ್ಯೆಯ ಸಾಮಾನ್ಯ ಗೃಹಿಣಿಯರು ಕೈಲಾದುದನ್ನು ಕೊಟ್ಟರು. ತೆನೆ ತೆನೆ ಕೂಡಿ ಬಳ್ಳವಾಯಿತು. 1923ರ ಹೊತ್ತಿಗೆ ಗುರಿ ಮುಟ್ಟಿತು. ಐಡಾಳ ಸ್ನೇಹಿತೆ ಗರ್ಟ್ರೂಡ್ ಡಾಡ್ ಎಂಬಾಕೆಯಂತೂ ವೆಲ್ಲೂರಿಗೇ ಬಂದು ನೆಲೆಸಿ, ಲೆಕ್ಕಪತ್ರ ನೋಡಿಕೊಳ್ಳುತ್ತ, ಬಡ ವಿದ್ಯಾರ್ಥಿನಿಯರ ಶುಲ್ಕವನ್ನು ಸ್ವಂತ ಹಣದಿಂದ ತೆರುತ್ತಿದ್ದಳು.

ಇನ್ನು ನನ್ನ ಮನಸ್ಸನ್ನು ಬಹಳವಾಗಿ ಕಲಕಿದ ಸಂಗತಿಗೆ ಬರುತ್ತೇನೆ. 1930ರ ದಶಕದ ಕೊನೆಯಲ್ಲಿ ಮದರಾಸು ಸರ್ಕಾರವು ಹಳೆಯ ಕಿರಿ ವೈದ್ಯ ಪರೀಕ್ಷೆಯನ್ನು ರದ್ದುಪಡಿಸಿತು. ಇನ್ನು ಮುಂದೆ ಎಂ.ಬಿ.ಬಿ.ಎಸ್. ಪದವಿಗೆ ಕಲಿಸುವ ಯೋಗ್ಯತೆಯಿಲ್ಲದ ಶಾಲೆ ಬಾಗಿಲು ಮುಚ್ಚಬೇಕಾಗಿತ್ತು. ಅದಕ್ಕೆ ಹೆಚ್ಚು ಹಾಸಿಗೆಗಳು, ಹೆಚ್ಚು ಓದಿದ ಅಧ್ಯಾಪಕರು, ಅಪಾರ ಹಣ ಬೇಕು. 1941ರಲ್ಲಿ, ಯುದ್ಧ ನಡೆಯುತ್ತಿರುವಾಗ, ಎಪ್ಪತ್ತರ ಐಡಾ ಮತ್ತೆ ಜೋಳಿಗೆ ಹಿಡಿದು ಅಮೆರಿಕಕ್ಕೆ ಹೊರಟಳು. ಗಂಡು ಹುಡುಗರನ್ನೂ ಸೇರಿಸಿಕೊಂಡರೆ ಅನೇಕ ಮಿಷನ್ನುಗಳು ಒಟ್ಟುಗೂಡಿ ನೆರವಾಗುವ ಸಂಭವವಿತ್ತು. ಆದರೆ ಹಿಂದೆ ಹಣ ಕೊಟ್ಟ ಹೆಂಗಸರು ಕೊಟ್ಟದ್ದು ಹೆಣ್ಣುಮಕ್ಕಳ ವಿದ್ಯೆಗೆಂದು! ಕೊಟ್ಟವರ ಮಾತನ್ನು ಮೀರಬಹುದೇ? ಲೂಸಿ ಪೀಬಾಡಿಯವರೇ ಬಲವಾಗಿ ವಿರೋಧಿಸಿದರು. ಅವರ ಪಕ್ಷದಲ್ಲಿ ನ್ಯಾಯವಿರಲಿಲ್ಲವೆಂದು ನಾನು ಹೇಳಲಾರೆ. ಐಡಾಳಾದರೋ ಬಹಳ ಕಾಲ ತೊಳಲಾಡಿ, ಕಾಲೇಜೇ ಮುಚ್ಚಿಹೋದರೆ ಹೆಣ್ಣುಮಕ್ಕಳಿಗೂ ಏನೂ ಉಳಿಯದೆಂದು ಬಗೆದು, ಸಹಶಿಕ್ಷಣಕ್ಕೆ ಒಪ್ಪಿದಳು. ಹಳೆಯ ಸ್ನೇಹಕ್ಕೆ ಪೆಟ್ಟು ಬಿತ್ತು, ಕಾಲೇಜು ಉಳಿಯಿತು. 1942ರಲ್ಲಿ ಎಂ.ಬಿ.ಬಿ.ಎಸ್. ತರಗತಿ ಆರಂಭವಾಯಿತು, 1947ರಲ್ಲಿ ಹುಡುಗರು ಸೇರಿದರು, ಮುಂದೆ ನಾಲ್ವತ್ತು ಮಿಷನ್ನುಗಳು ಬೆನ್ನಿಗೆ ನಿಂತವು. ಬೇಡುವುದು ಕಷ್ಟವೆಂದು ನಾವು ತಿಳಿದಿದ್ದೇವೆ. ಬೇಡಿ ತಂದುದಕ್ಕೆ ಉತ್ತರ ಹೇಳುವುದು ಅದಕ್ಕಿಂತ ಕಷ್ಟವೆಂಬುದು ನನಗೆ ಇಲ್ಲಿ ತಿಳಿಯಿತು.

ಐಡಾ ಸ್ಕಡರ್ 1960ರ ಮೇ ತಿಂಗಳಲ್ಲಿ ಕೊಡೈಕಾನಲ್ಲಿನ ತನ್ನ ಮನೆಯಲ್ಲಿ ತೀರಿಕೊಂಡಳು. ಆದರೆ ಆಕೆ ತೆರೆದ ಲೆಕ್ಕ ಮುಗಿಯಲಿಲ್ಲ. ಹಣ ಕೊಟ್ಟವರು ಹೊರಗಿನವರು. ಆಯುಸ್ಸು ಕೊಟ್ಟವರು ಅಲ್ಲಿ ಕಲಿತವರು. ಅಂಥವರಲ್ಲಿ ಮೇರಿ ವರ್ಗೀಸ್ ಒಬ್ಬರು. ವೆಲ್ಲೂರಿನಲ್ಲಿ ವೈದ್ಯೆಯಾದ ಈ ತರುಣಿಗೆ 1954ರ ಮೋಟಾರು ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡುವುದನ್ನು ಕಲಿತು, ನ್ಯೂಯಾರ್ಕಿಗೆ ಹೋಗಿ ತರಬೇತಿ ಪಡೆದು, ತಾನು ಓದಿದ ಸಂಸ್ಥೆಗೇ ಮರಳಿ, ಅಂಗವಿಕಲರ ಪುನರ್ವಸತಿ ವಿಭಾಗವನ್ನು ಕಟ್ಟಿದರು. ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಕಾಲೇಜಿಗೆ ಸಲ್ಲಿಸಿದ ಕಾಣಿಕೆ ಇದು. ಇಂದಿಗೂ ಅಲ್ಲಿ ಮಿಷನ್ನುಗಳ ಪರವಾಗಿ ಸೇರಿದ ವಿದ್ಯಾರ್ಥಿಗಳು ಪದವಿಯ ನಂತರ ಕೆಲಕಾಲ ಹಿಂದುಳಿದ ಊರುಗಳ ಆಸ್ಪತ್ರೆಗಳಲ್ಲಿ ದುಡಿಯುವ ಕರಾರಿಗೆ ಒಪ್ಪಬೇಕಾಗಿದೆ.

ಅಜ್ಜಿಯ ಕಟ್ಟು ಬಿಚ್ಚಿದ ಮೇಲೆ ಊರಿಗೆ ಹಿಂದಿರುಗಿದೆವು. ಕೆಲವು ದಿನಗಳ ತರುವಾಯ ಈ ಕಥೆಯನ್ನೆಲ್ಲ ನಾನು ಆಕೆಗೆ ಹೇಳಿದೆ. ಅಕ್ಷರ ತಿಳಿಯದ ಆಕೆ ಬಹಳ ಹೊತ್ತು ಸುಮ್ಮನಿದ್ದು, ಸತ್ತವರಿಗೆ ಸಾಲ ತೀರಿಸುವುದಾಗದು, ಹಿಂದೆ ಬರುವವರಿಗೆ ತೀರಿಸಬೇಕು ಎಂಬ ಅರ್ಥ ಬರುವಂತೆ ಏನೋ ಹೇಳಿ, ಹೊಸ ಕಣ್ಣಿನಿಂದ ಅಕ್ಕಿಯಲ್ಲಿ ಕಲ್ಲು ಆರಿಸತೊಡಗಿದಳು.

ಮಿತ್ರರೇ, ಈ ವರ್ಷ ನಾನು ಈ ಕಾಲೇಜನ್ನು ಬಿಡುತ್ತಿದ್ದೇನೆ. ನಮ್ಮ ಶುಲ್ಕ ಅಲ್ಪ. ಉಳಿದುದನ್ನು ತೆತ್ತವರು ಈ ಕಾಲೇಜಿನ ಮೆಟ್ಟಿಲನ್ನೇ ಹತ್ತದ ಎಷ್ಟೋ ಜನ ರೈತರು, ಕೂಲಿಗಳು. ಹಳೆಯ ವಿದ್ಯಾರ್ಥಿಗಳ ಸಂಘದ ಪುಸ್ತಕವು ಎರಡು ಸಲ ನನ್ನ ಕೈಗೆ ಬಂದಾಗಲೂ ಆಮೇಲೆ ನೋಡೋಣವೆಂದು ಪಕ್ಕದವನಿಗೆ ದಾಟಿಸಿದ್ದೆ. ಈ ಸಲ ಹೆಸರು ಬರೆದಿದ್ದೇನೆ. ಹೆಸರಿನ ಮುಂದೆ ಬರೆದ ಮೊತ್ತ ಚಿಕ್ಕದು, ಹೇಳಿಕೊಳ್ಳುವಂಥದಲ್ಲ. ಆದರೆ ಕೆಲಸ ಸಿಕ್ಕ ವರ್ಷದಿಂದ ತಪ್ಪದೆ ಕೊಡುವೆನೆಂದು ಒಪ್ಪಿ, ಕೆಳಗೆ ರುಜು ಹಾಕಿದ್ದೇನೆ.